ಕಾಳಿಯನ್ನು ಓಡಿಸುವ ಮುನ್ನ

ಮ್ಯೂಸಿಯಂನಲ್ಲಿರೋ ಚಿತ್ರಗಳನ್ನ ನೋಡಿ ಅನಿಮೇಷನ್ ಮಾಡ್ತೀವಿ ಸಾರ್ ಎಂದು ಬರುವ ಹುಡುಗ ಹುಡುಗಿಯರು ಕೂತ ತಕ್ಷಣ ಕೇಳುವ ಪ್ರಶ್ನೆ ಒಂದೇ: ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದರೆ ಚೆನ್ನ? ನಾನು ಬೆಂಗಳೂರು ಹಲಸೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೀಸೆ ಕಪ್ಪಗಿದ್ದಾಗ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಟಾಕೀಸುಗಳಿಗೆ ಗಾಜಿನ ಮೇಲೆ ಜಾಹೀರಾತಿನ ಸ್ಲೈಡ್ ಬರೆದುಕೊಡುತ್ತಿದ್ದೆ. ಸೀರೆ ಅಂಗಡಿ, ಹಲ್ಲುಪುಡಿ, 'ದಯವಿಟ್ಟು ಧೂಮಪಾನ ಮಾಡಬೇಡಿ'. ಬ್ಲೆಂಡರ್, ಟೂನ್‌ಬೂಮ್ ವಿಚಾರದಲ್ಲಿ ನೀವೇ ನನಗೆ ಮೇಷ್ಟ್ರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ಇಲ್ಲವಲ್ಲ ಎಂಬ ಬೇಸರವೂ ಇಲ್ಲ. ನನಗೆ ಗೊತ್ತಿರುವುದು ನೋಡುವ ಕೆಲಸ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಹಿಡಿಸಿದ್ದು ಇಟ್ಟುಕೊಳ್ಳಿ.

ನೀವು ತಂದು ತೋರಿಸುವ ಮೊದಮೊದಲ ತುಣುಕುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದು ಹಳೇ ಚಿತ್ರ. ಅದರಲ್ಲಿರುವ ರಾಣಿ ಕಣ್ಣು ಮಿಟುಕಿಸುತ್ತಾಳೆ. ನವಿಲು ಕತ್ತು ಕೊಂಕಿಸುತ್ತದೆ. ಮೋಡ ಎಡದಿಂದ ಬಲಕ್ಕೆ ಜರುಗುತ್ತದೆ. ಹಿಂದೆ ಎಲ್ಲಿಂದಲೋ ಎತ್ತಿದ ಕೊಳಲು. ನೋಡಿದವರು ವಾವ್ ಎಂದು ಮುಂದಿನದಕ್ಕೆ ಬೆರಳು ಸರಿಸುತ್ತಾರೆ. ಈಚೆಗಂತೂ ಎಐ ಬಂದ ಮೇಲೆ ಇಷ್ಟಕ್ಕೆ ಕೈಯೂ ನೋಯಬೇಕಿಲ್ಲ, ಒಂದು ಗುಂಡಿ ಒತ್ತಿದರೆ ಯಾವ ರಾಣಿ ಬೇಕಾದರೂ ಕಣ್ಣು ಮಿಟುಕಿಸುತ್ತಾಳೆ. ಯಂತ್ರಕ್ಕೆ ಅಷ್ಟು ಸಲೀಸಾದ ಕೆಲಸವನ್ನು ನೀವು ರಾತ್ರಿ ನಿದ್ದೆಗೆಟ್ಟು ಯಾಕೆ ಮಾಡಬೇಕು? ಚಿತ್ರ ಬರೆದವನು, ಕಲ್ಲು ಕೆತ್ತಿದವನು ಅಲುಗಾಡದ ವಸ್ತುವಿನಲ್ಲೇ ಚಲನೆಯನ್ನು ಅಡಗಿಸಿಟ್ಟು ಹೋಗಿರುತ್ತಾನೆ. ಅದು ಎಲ್ಲಿದೆ ಎಂದು ಹುಡುಕುವ ಮೊದಲೇ ನೀವು ಹೊರಗಿನಿಂದ ಒಂದು ಅಲುಗಾಟ ತಂದು ಅಂಟಿಸಿಬಿಡುತ್ತೀರಿ. ನನ್ನ ತಕರಾರು ಇಷ್ಟೇ.

ಉದಾಹರಣೆಗೆ ದೂರ ಹೋಗುವುದು ಬೇಡ. ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಇಂದಿರಾನಗರ, ಹಲಸೂರು, ಟ್ರಿನಿಟಿ ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ಕೊಂಡಿ ಕೂಡಿದ ಮೇಲೆ ಆ ಕಡೆಯ ಮಕ್ಕಳಿಗೆ ದೂರ ಎಂಬ ನೆವವೂ ಉಳಿದಿಲ್ಲ. ಇಳಿದು ಕಸ್ತೂರಬಾ ರಸ್ತೆಯತ್ತ ನಡೆದರೆ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. ಎಡ್ವರ್ಡ್ ಬಾಲ್ಫರ್ ಎಂಬ ಸರ್ಜನ್ 1865ರಲ್ಲಿ ಶುರುಮಾಡಿದ್ದು. ಮೊದಲು ಅದು ಇದ್ದದ್ದು ನಮ್ಮ ದಂಡಿನ ಜೈಲು ಕಟ್ಟಡದಲ್ಲಿ. ಬ್ರಿಗೇಡ್ ರಸ್ತೆಯ ಹಿಂದುಗಡೆ ಮ್ಯೂಸಿಯಂ ಇಲ್ಲದ ಮ್ಯೂಸಿಯಂ ರಸ್ತೆ ಇರುವುದು ಅದಕ್ಕೇ. ಈಗಿನ ಕಟ್ಟಡ 1870ರ ದಶಕದ್ದು.

ಈ ಮ್ಯೂಸಿಯಂಗೆ ಸೇರಿದ್ದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕ್ರಿ.ಶ. 949-50ರ ಕಾಲದ್ದು. ಇದರ ಮೇಲಿನ ಹಳೆಗನ್ನಡ ಶಾಸನದಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ: ರಾಷ್ಟ್ರಕೂಟ ಮೂರನೇ ಕೃಷ್ಣ, ಅವನ ಪಕ್ಷದಲ್ಲಿ ಕಾದಿದ ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಅಳಿದ ಚೋಳ ರಾಜಾದಿತ್ಯ. ದಕ್ಷಿಣ ಭಾರತದ ಚರಿತ್ರೆಯ ದಿಕ್ಕನ್ನೇ ಒಂದಷ್ಟು ಕಾಲ ಬದಲಿಸಿದ ಕಾಳಗ ಅದು. ಆ ಕಾಳಗದಲ್ಲಿ ಬೂತುಗನ ಕಡೆಯ ಮಣಲೆರನೆಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಒಂದು ದಿನ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆಯ ವ್ಯವಸ್ಥೆ ಮಾಡಿದ.

ಈಗ ಕಲ್ಲಿನ ಮೇಲಿನ ಚಿತ್ರ ನೋಡಿ. ರಾಜರಿಲ್ಲ, ಆನೆ ಇಲ್ಲ, ತಕ್ಕೋಲವೂ ಇಲ್ಲ. ನಾಯಿ, ಹಂದಿ, ಅಷ್ಟೇ. ಒಂದರ ಮೇಲೊಂದು ಬಿದ್ದು ಸೆಣಸುತ್ತಿವೆ. ಸಾಮ್ರಾಜ್ಯದ ಸುದ್ದಿಯನ್ನೆಲ್ಲ ಅಕ್ಷರಕ್ಕೆ ಬಿಟ್ಟು, ಉಳಿಯನ್ನು ನಾಯಿಗಾಗಿ ಹಿಡಿದ ಆ ಹೆಸರಿಲ್ಲದ ಶಿಲ್ಪಿಗೆ ಕಥೆ ಹೇಳುವುದು ಗೊತ್ತಿತ್ತು. ನಿಮ್ಮಲ್ಲಿ ಎಷ್ಟೋ ಜನ ಎರಡು ನಿಮಿಷದ ಸಿನಿಮಾದಲ್ಲಿ ಇಡೀ ಗಂಗರ ಚರಿತ್ರೆ ತುಂಬಲು ಹೊರಡುತ್ತೀರಿ. ಸಾವಿರ ವರ್ಷದ ಹಿಂದೆಯೇ ಒಬ್ಬ ಅದನ್ನು ಬೇಡ ಅಂದಿದ್ದಾನೆ.

ಇನ್ನೂ ಹತ್ತಿರ ಹೋಗಿ. ಅವನು ಯಾವ ಗಳಿಗೆಯನ್ನು ಆರಿಸಿಕೊಂಡಿದ್ದಾನೆ? ಓಡಿ ಬಂದದ್ದಲ್ಲ, ಸತ್ತು ಬಿದ್ದದ್ದೂ ಅಲ್ಲ. ಯಾರು ಗೆಲ್ಲುತ್ತಾರೆ ಎಂದು ಇನ್ನೂ ತೀರ್ಮಾನವಾಗದ ಗಳಿಗೆ. ನಿಮ್ಮ ಭಾಷೆಯಲ್ಲಿ ಅದೇ ಕೀ ಪೋಸ್. ಹಿಂದಿನ ಕ್ಷಣವೂ ಮುಂದಿನ ಕ್ಷಣವೂ ಅದರೊಳಗೇ ಇವೆ, ನೀವು ಲೆಕ್ಕ ಹಾಕಿ ಹೊರಗೆ ತೆಗೆಯಬೇಕು. ನಾಯಿಯ ಮೈಭಾರ ಯಾವ ಕಾಲಿನ ಮೇಲಿದೆ? ಹಂದಿ ತಲೆ ತಗ್ಗಿಸಿದೆಯೋ ಎತ್ತಿದೆಯೋ? ಫೋನಿನಲ್ಲಿ ಫೋಟೋ ಹೊಡೆದುಕೊಂಡು ಮನೆಗೆ ಹೋದರೆ ಇದು ಗೊತ್ತಾಗುವುದಿಲ್ಲ. ನಿಂತು, ಪೆನ್ಸಿಲಿನಲ್ಲಿ, ಅದೇ ನಾಯಿಯನ್ನು ಬೇರೆ ಬೇರೆ ಕಡೆಯಿಂದ ಬರೆದರೆ ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಕೈಗೆ ತಿಳಿಯುತ್ತದೆ. ಆಮೇಲೆ ನಡೆಯುವ ನಾಯಿ, ಓಡುವ ನಾಯಿ ಬೇಕಾದರೆ ಅಮೆರಿಕದ ವಿಡಿಯೋ ನೋಡಿ ಲ್ಯಾಬ್ರಡಾರ್ ನಡಿಗೆ ಕಲಿಯಬೇಡಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದೆ ಬೆಳಗಾಗೆದ್ದು ಹೋಗಿ. ಮಾಂಸದ ತುಂಡಿಗೆ ಬಡಿದಾಡುವ ಬೀದಿನಾಯಿ ಮೊದಲು ಮುಂಗಾಲು ಊರಿ ಎದೆ ತಗ್ಗಿಸುತ್ತದೆ, ಬೆನ್ನ ಮೇಲಿನ ಕೂದಲು ನೆಟ್ಟಗಾಗುತ್ತದೆ, ಬಾಲ ಗಟ್ಟಿಯಾಗುತ್ತದೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ನುಗ್ಗುತ್ತದೆ. ಆ ಏನೂ ಆಗದ ಒಂದು ಕ್ಷಣವನ್ನು ನಿಮ್ಮ ಸಿನಿಮಾದಲ್ಲಿ ಬಿಟ್ಟುಬಿಡಬೇಡಿ. ಎಲ್ಲ ಫ್ರೇಮಿನಲ್ಲೂ ಏನಾದರೂ ಅಲ್ಲಾಡುತ್ತಲೇ ಇರಬೇಕು ಎಂಬ ಭಯ ಎಳೆಯ ಅನಿಮೇಟರುಗಳಿಗೆ ಇದ್ದೇ ಇರುತ್ತದೆ. ಸುಮ್ಮನಿರುವುದನ್ನೂ ಬರೆಯಲು ಕಲಿತರೆ ಆ ಭಯ ಹೋಗುತ್ತದೆ.

ಕಲ್ಲಿನ ವಿಚಾರ ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಸಾಮಾನ್ಯ ವೀರಗಲ್ಲುಗಳಲ್ಲಿ ಮೂರು ಅಂಕಣ ಇರುತ್ತವೆ. ಕೆಳಗಿನದರಲ್ಲಿ ಕಾಳಗ, ವೀರ ಬೀಳುವುದು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವುದು. ಮೇಲಿನದರಲ್ಲಿ ಶಿವಸನ್ನಿಧಿ, ಲಿಂಗ, ಪೂಜೆ; ನೆತ್ತಿಯಲ್ಲಿ ಸೂರ್ಯ ಚಂದ್ರ. ಅಂದರೆ ಈ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಿಮ್ಮ ಕ್ಲಾಸಿನಲ್ಲಿ ಸ್ಟೋರಿಬೋರ್ಡ್ ಎಂದರೆ ಎಡದಿಂದ ಬಲಕ್ಕೆ ಚೌಕಗಳು ಎಂದು ಹೇಳಿಕೊಡುತ್ತಾರೆ. ಅದೂ ಸರಿಯೇ. ಆದರೆ ನಮ್ಮ ಹಳ್ಳಿಗಳಲ್ಲಿ ನೂರಾರು ವರ್ಷ ಚಾಲ್ತಿಯಲ್ಲಿದ್ದ ಸ್ಟೋರಿಬೋರ್ಡ್ ಮೇಲಕ್ಕೆ ಏರುತ್ತಿತ್ತು. ಕ್ಯಾಮೆರಾ ಎಡಬಲ ಹೋಗದೆ ಮೆಲ್ಲಗೆ ಮೇಲೇರುವ ಸಿನಿಮಾ ಹೇಗಿರುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಮಾಡಿ ನೋಡಬೇಕು. ಫೋನನ್ನು ನೆಟ್ಟಗೆ ಹಿಡಿದು ನೋಡುವ ಈ ಕಾಲಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಕಲ್ಲು ಹುಡುಕುವುದಕ್ಕೂ ಕಷ್ಟವಿಲ್ಲ: ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಮಾಡೆಲಿಂಗ್ ಕೆಲಸ ಅರ್ಧ ಆಗಿಯೇ ಬಂದಿರುತ್ತದೆ. ಆದರೂ ಒಮ್ಮೆ ಹೋಗಿ ನಿಜವಾದ ಕಲ್ಲಿನ ಮುಂದೆ ನಿಲ್ಲಿ, ಅದು ನಿಮ್ಮ ಎದೆಮಟ್ಟ ಬರುತ್ತದೋ ತಲೆಮಟ್ಟವೋ ಎಂಬುದು ಪರದೆಯಲ್ಲಿ ಗೊತ್ತಾಗುವುದಿಲ್ಲ.

ಅದೇ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ, ನೀವೆಲ್ಲ ಮ್ಯಾಪ್ ಅನ್ನುವುದು. ಅಭಿಷೇಕ್ ಪೊದ್ದಾರ್ ಅವರು ಕಟ್ಟಿದ ಸಂಸ್ಥೆ. ಕೊರೋನಾ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಮೊದಲು ಆನ್‌ಲೈನಿನಲ್ಲಿ ಬಾಗಿಲು ತೆರೆದು, 2023ರ ಫೆಬ್ರುವರಿಯಲ್ಲಿ ಕಟ್ಟಡಕ್ಕೆ ಬಂತು. ನೀರಿನ ಟ್ಯಾಂಕಿನ ತಗಡಿನ ಹಾಗೆ ಕಾಣುವ ಸ್ಟೀಲಿನ ಹೊರಮೈ ನೋಡಿ ನನ್ನ ವಯಸ್ಸಿನವರು ಮೂಗು ಮುರಿದದ್ದುಂಟು, ನನಗೇನೋ ಇಷ್ಟವಾಯಿತು. ಅಲ್ಲಿ ವರ್ಣಚಿತ್ರಗಳ ಜೊತೆಗೆ ಬಟ್ಟೆ, ಸಿನಿಮಾ ಪೋಸ್ಟರು, ಬೆಂಕಿಪೊಟ್ಟಣದ ಚೀಟಿ, ಫೋಟೋ ಎಲ್ಲ ಇವೆ. ಮಧ್ಯಪ್ರದೇಶದ ನಾಗದಾ ಎಂಬ ಊರಲ್ಲಿ ಸುರೇಶ್ ಪಂಜಾಬಿ ಎಂಬವರು ನಡೆಸಿದ ಸುಹಾಗ್ ಸ್ಟುಡಿಯೋದ ಫೋಟೋಗಳೂ ಇವೆ. ಕಾರ್ಖಾನೆಯ ಊರು. ಅಲ್ಲಿಯ ಜನ ಸ್ಟುಡಿಯೋಗೆ ಬಂದು ಸಿನಿಮಾ ಹೀರೋ ಗತ್ತಿನಲ್ಲಿ ನಿಂತು ತೆಗೆಸಿಕೊಂಡ ಪಟಗಳು.

ಇಂಥ ಪಟ ಸಿಕ್ಕಿದರೆ ನಿಮ್ಮ ಕೈ ಮೊದಲು ಹೋಗುವುದು ಆ ಮುಖವನ್ನು ನಗಿಸಲು. ಬೇಡ. ಅವರು ಯಾರದೋ ಅಪ್ಪ, ಯಾರದೋ ದೊಡ್ಡಮ್ಮ. ಮಕ್ಕಳು ಮೊಮ್ಮಕ್ಕಳು ಇರುತ್ತಾರೆ. ಅವರು ನಗದೆ ಇದ್ದ ಕಡೆ ನಗಿಸಲು ನಮಗೆ ಹಕ್ಕಿಲ್ಲ. ಇದು ನನ್ನ ಕಟ್ಟುನಿಟ್ಟು, ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಆ ಪಟದಲ್ಲಿ ಬೇರೊಂದು ಚಲನೆ ಇದೆ. ಸ್ಟುಡಿಯೋದಲ್ಲಿ ಪಟ ತೆಗೆಸಿಕೊಂಡ ಯಾರನ್ನಾದರೂ ಕೇಳಿ: ಕ್ಲಿಕ್ ಅನ್ನುವ ಮೊದಲು ಕ್ರಾಪು ಸರಿಮಾಡಿಕೊಂಡದ್ದು, ಕಾಲರ್ ಎಳೆದುಕೊಂಡದ್ದು, ಫೋಟೋಗ್ರಾಫರು ಬಂದು ಗಲ್ಲ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿದ್ದು, ಅಲ್ಲಾಡಬೇಡಿ ಅಂದದ್ದು, ಉಸಿರು ಹಿಡಿದದ್ದು. ಅದನ್ನು ನಿಮ್ಮ ಸ್ವಂತ ಗೆರೆಯಲ್ಲಿ, ನೀವೇ ಕಲ್ಪಿಸಿದ ಪಾತ್ರದ ಮೇಲೆ ಬರೆಯಿರಿ. ಮ್ಯೂಸಿಯಂನ ಪಟ ಕೊನೆಯಲ್ಲಿ ಒಮ್ಮೆ, ಅಲುಗಾಡದೆ, ಇದ್ದ ಹಾಗೆ ಬರಲಿ.

ಮ್ಯಾಪ್‌ನಲ್ಲಿ ಜ್ಯೋತಿ ಭಟ್ ಅವರ ಫೋಟೋಗಳ ದೊಡ್ಡ ಸಂಗ್ರಹವೂ ಇದೆ. ಬರೋಡದ ಈ ಕಲಾವಿದರು ಗುಜರಾತ್, ರಾಜಸ್ಥಾನ ಮುಂತಾದ ಕಡೆ ಹೆಂಗಸರು ಗೋಡೆಯ ಮೇಲೆ, ನೆಲದ ಮೇಲೆ ಬರೆಯುವ ಚಿತ್ರಗಳನ್ನು ವರ್ಷಾನುಗಟ್ಟಲೆ ತಿರುಗಿ ಫೋಟೋ ತೆಗೆದವರು. ಸಂಜೆಗೆ ಅಳಿಸಿಹೋಗುವುದನ್ನು ಉಳಿಸಿದವರು. ಆದರೆ ಪಟದಲ್ಲಿ ಸಿಗುವುದು ಬರೆದು ಮುಗಿದ ಚಿತ್ರ. ಬರೆಯುವ ಕ್ರಮ ಬೇಕೆಂದರೆ ನಮ್ಮ ಹಲಸೂರಿನ ಹಳೇ ಬೀದಿಗಳಲ್ಲಿ ಬೆಳಗ್ಗೆ ಆರಕ್ಕೆ ನಡೆದುಬನ್ನಿ. ನೀರು ಚಿಮುಕಿಸಿದ ನೆಲ. ಮೊದಲು ಚುಕ್ಕಿ, ಬೆರಳುಗಳ ನಡುವಿನಿಂದ ಹಿಟ್ಟು ಒಂದೇ ಅಳತೆಗೆ ಉದುರುತ್ತದೆ. ಆಮೇಲೆ ಎಳೆ, ಚುಕ್ಕಿಯನ್ನು ಮುಟ್ಟದೆ ಸುತ್ತಿ ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ಎಲ್ಲಿ ಕೈ ನಿಧಾನವಾಗುತ್ತದೆ, ಎಲ್ಲಿ ವೇಗ ಹಿಡಿಯುತ್ತದೆ ಎಂದು ಗಮನಿಸಿ. ನೀವು ಕಾಲೇಜಿನಲ್ಲಿ ದುಡ್ಡು ಕಟ್ಟಿ ಕಲಿಯುವ ಟೈಮಿಂಗ್ ಪಾಠ ಪೂರ್ತಿ ಅಲ್ಲಿದೆ. ರಂಗೋಲಿ ಹಾಕುವ ಆ ಅಮ್ಮನ ಅಪ್ಪಣೆ ಕೇಳದೆ ವಿಡಿಯೋ ಮಾಡಬೇಡಿ, ಅಷ್ಟೇ.

ಇನ್ನು ತೊಗಲುಗೊಂಬೆ. ಇದರ ಬಗ್ಗೆ ಮಾತಾಡಲು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಒಳ್ಳೆಯ ಸಂಗ್ರಹವಿದೆ. 1960ರಲ್ಲಿ ಪರಿಷತ್ತು ಹುಟ್ಟುವುದಕ್ಕೆ ಕಾರಣರಾದ ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಕೂಡಿದ್ದು. ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಾಕಿ, ಉಳಿಯಲ್ಲಿ ತೂತು ಹೊಡೆದು ಒಡವೆ, ಸೀರೆಯ ಅಂಚು ಮೂಡಿಸಿರುತ್ತಾರೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಬಣ್ಣಕ್ಕೆ ಮರುಳಾಗುವ ಮೊದಲು ಕೀಲು ಎಣಿಸಿ. ಕೆಲವು ಗೊಂಬೆಗಳಿಗೆ ಕೀಲೇ ಇಲ್ಲ, ಇಡೀ ದರ್ಬಾರೇ ಒಂದು ತೊಗಲು. ಕೆಲವಕ್ಕೆ ಕೈ ಮಾತ್ರ ಆಡುತ್ತದೆ. ಕೆಲವಕ್ಕೆ ತಲೆ, ಭುಜ, ಮೊಣಕೈ, ಕಾಲು ಎಲ್ಲ ಬೇರೆ ಬೇರೆ ತುಂಡು, ದಾರದ ಗಂಟಿನಲ್ಲಿ ಕೂಡಿಸಿದ್ದು. ನೀವು ಕಂಪ್ಯೂಟರಿನಲ್ಲಿ ರಿಗ್ಗಿಂಗ್ ಎಂದು ಮಾಡುವುದು ಇದನ್ನೇ. ಯಾವ ಪಾತ್ರಕ್ಕೆ ಎಷ್ಟು ಕೀಲು ಬೇಕು ಎಂದು ತಲೆಮಾರುಗಳಿಂದ ಯೋಚಿಸಿ ಇಟ್ಟಿದ್ದಾರೆ. ರಾಜನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ದೂರ ಹತ್ತಿರದ ಲೆಕ್ಕವಲ್ಲ, ಅಂತಸ್ತಿನ ಲೆಕ್ಕ. ಹಾಸ್ಯಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ.

ನಿಮ್ಮಲ್ಲಿ ಒಬ್ಬಳು ತೊಗಲುಗೊಂಬೆಯ ಹನುಮಂತನನ್ನು ಸ್ಕ್ಯಾನ್ ಮಾಡಿ, ಬೆರಳಿಗೆಲ್ಲ ಕೀಲು ಹಾಕಿ, ಮೈಯನ್ನು ರಬ್ಬರಿನಂತೆ ಬಳುಕಿಸಿ ತಂದಿದ್ದಳು. ಕೈಚಳಕ ಅದ್ಭುತ. ಆದರೆ ಗೊಂಬೆ ಸತ್ತುಹೋಗಿತ್ತು. ಚರ್ಮಕ್ಕೆ ಒಂದು ಬಿರುಸು ಇದೆ, ಅದು ಮಡಚುವುದಿಲ್ಲ, ಬಾಗುವುದಿಲ್ಲ. ಪರದೆಗೆ ಒತ್ತಿ ಹಿಡಿದಾಗ ನೆರಳು ಚೂಪು. ಹಿಂದಕ್ಕೆ ಎಳೆದರೆ ಮಂಕಾಗಿ ಹಿಗ್ಗುತ್ತದೆ. ಹನುಮಂತ ದೊಡ್ಡವನಾಗುವುದು ಹಾಗೆ, ದೀಪ ಮತ್ತು ಪರದೆಯ ನಡುವಿನ ಒಂದು ಹೆಜ್ಜೆಯಲ್ಲಿ. ಇಷ್ಟನ್ನು ಹೇಳಿದ ಮೇಲೆ ಅವಳು ಎರಡು ಕೀಲು ಉಳಿಸಿ ಮಿಕ್ಕದ್ದನ್ನೆಲ್ಲ ಕಿತ್ತುಹಾಕಿದಳು. ಸಿನಿಮಾ ಚೆನ್ನಾಯಿತು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕತ್ತರಿಯಲ್ಲಿ ಕತ್ತರಿಸಿದ ಕಪ್ಪು ಕಾಗದದ ನೆರಳುಗಳಿಂದಲೇ 1926ರಲ್ಲಿ ಒಂದು ಪೂರ್ತಿ ಸಿನಿಮಾ ಮಾಡಿದಳು. ಇವತ್ತಿಗೆ ಉಳಿದಿರುವ ಅನಿಮೇಷನ್ ಕಥಾಚಿತ್ರಗಳಲ್ಲಿ ಅದೇ ಅತಿ ಹಳೆಯದು. ನೂರು ವರ್ಷದ ಆ ಕೆಲಸವನ್ನು ಒಮ್ಮೆ ನೋಡಿ, ಕಡಿಮೆ ಕೀಲಿನಲ್ಲಿ ಎಷ್ಟು ಸಾಧ್ಯ ಎಂದು ಗೊತ್ತಾಗುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿದೆ ಎಂದ ಮಾತ್ರಕ್ಕೆ ಆ ಕಲೆ ತೀರಿಹೋಯಿತು ಎಂದುಕೊಳ್ಳಬೇಡಿ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಅವರ ತೊಂಬತ್ತಾರನೆಯ ವಯಸ್ಸಿನಲ್ಲಿ. ಎಪ್ಪತ್ತು ವರ್ಷಕ್ಕೂ ಮಿಗಿಲು ಗೊಂಬೆ ಆಡಿಸಿದ ಕೈ. ಗೊಂಬೆಯ ಚಲನೆ ಇರುವುದು ಆ ಕೈಯಲ್ಲಿ, ಮ್ಯೂಸಿಯಂನಲ್ಲಿ ಇರುವುದು ಅದರ ಸಾಮಾನು. ನಿಮ್ಮ ಸಿನಿಮಾಕ್ಕೆ ಅನುದಾನವೋ ಪ್ರಾಯೋಜಕರೋ ಸಿಕ್ಕರೆ, ಖರ್ಚಿನ ಪಟ್ಟಿಯಲ್ಲಿ ಗೊಂಬೆಯಾಟದ ಕುಟುಂಬವೊಂದಕ್ಕೆ ಸಂಭಾವನೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಊಟ, ಬಸ್ ಚಾರ್ಜು, ಒಂದು ಶಾಲು, ಒಂದು ಸೆಲ್ಫಿ ಅಲ್ಲ. ಸಂಭಾವನೆ.

ಮ್ಯಾಪ್‌ನ ಬೆಂಕಿಪೊಟ್ಟಣದ ಚೀಟಿ ನೋಡಿ ಇದರಲ್ಲೇನಿದೆ ಅನ್ನುವವರಿಗೆ ಗೀತಾಂಜಲಿ ರಾವ್ ಅವರ 'ಪ್ರಿಂಟೆಡ್ ರೇನ್‌ಬೋ' ತೋರಿಸಿ. ಒಂಟಿ ಮುದುಕಿ, ಅವಳ ಬೆಕ್ಕು, ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳು. ಒಂದೊಂದು ಚೀಟಿಯೊಳಗೂ ಹೊಕ್ಕು ಹೊರಬರುತ್ತಾಳೆ. ಹದಿನೈದು ನಿಮಿಷ. 2006ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಪಡೆಯಿತು. ಕೈಯಲ್ಲೇ ಬರೆದದ್ದು, ವರ್ಷಗಟ್ಟಲೆ ಕೂತು. ಹಾಗೆಯೇ ಗುಜರಾತಿನಿಂದ ಕೆನಡಾಕ್ಕೆ ಹೋದ ಇಶು ಪಟೇಲ್ 1977ರಲ್ಲಿ ಮಾಡಿದ 'ಬೀಡ್ ಗೇಮ್'. ಅಲ್ಲಿಯ ಇನ್ಯುಟ್ ಹೆಂಗಸರ ಮಣಿಕೆಲಸ ನೋಡಿ ಹೊಳೆದದ್ದು. ಪಟೇಲರು ಮಣಿಯ ಚಿತ್ರವನ್ನು ಬರೆಯಲಿಲ್ಲ, ಸಾವಿರಾರು ಮಣಿಗಳನ್ನೇ ಕ್ಯಾಮೆರಾದ ಕೆಳಗೆ ಒಂದೊಂದಾಗಿ ಜರುಗಿಸಿದರು. ಸ್ಫೂರ್ತಿ ಪಡೆಯುವುದೆಂದರೆ ಹೀಗೆ ಎಂದು ನನ್ನ ಅಭಿಪ್ರಾಯ.

ಇನ್ನು ಹಕ್ಕಿನ ಮಾತು, ಬೇಗ ಮುಗಿಸುತ್ತೇನೆ. ಮ್ಯೂಸಿಯಂ ಟಿಕೆಟ್ ತೆಗೆದುಕೊಂಡರೆ ಚಿತ್ರ ನಿಮ್ಮದಾಗುವುದಿಲ್ಲ. ಗೋಡೆಯ ಮೇಲೆ ತೂ‌ಗುಹಾಕಿದ ಮಾತ್ರಕ್ಕೆ ಕಾಪಿರೈಟು ಮ್ಯೂಸಿಯಂನದೂ ಆಗಿರಬೇಕಿಲ್ಲ. ನಮ್ಮ ದೇಶದ ಕಾಯಿದೆಯ ಪ್ರಕಾರ ಕಲಾವಿದ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಅವರ ವಾರಸುದಾರರದು. ರವಿವರ್ಮ ಹೋದದ್ದು 1906ರಲ್ಲಿ, ಆ ಅವಧಿ ಎಂದೋ ದಾಟಿದೆ. ನಮ್ಮ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರ ಲೆಕ್ಕ 2025ರ ಡಿಸೆಂಬರ್ ಕೊನೆಗೆ ಮುಗಿಯಿತು. ಜಾಮಿನಿ ರಾಯ್ 1972ರಲ್ಲಿ, ಹಾಗಾಗಿ ಅವರ ಬೆಕ್ಕು ಸೀಗಡಿಗಳನ್ನು ಕುಣಿಸುವ ಮೊದಲು ಕೇಳಬೇಕು. ಅನುಮಾನ ಬಂದರೆ ಮ್ಯೂಸಿಯಂಗೆ ಒಂದು ಕಾಗದ ಬರೆಯಿರಿ. ಕೇಳಿದರೆ ಹೆಚ್ಚೆಂದರೆ ಇಲ್ಲ ಅನ್ನುತ್ತಾರೆ. ಕಾಯಿದೆಯ ಅವಧಿ ಮುಗಿದಿದೆ ಎಂದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿ ಎಂದೂ ಅಲ್ಲ. ವೆಂಕಟಪ್ಪ ತಮ್ಮ ಗೆರೆಯ ವಿಷಯದಲ್ಲಿ ಹಟಮಾರಿ. ಊಟಿಯ ಮಂಜನ್ನು ಜಲವರ್ಣದಲ್ಲಿ ಎಷ್ಟು ತಾಳ್ಮೆಯಿಂದ ಹಿಡಿದಿದ್ದಾರೆ ಎಂದರೆ, ಅದರ ಮೇಲೆ ಓಡುವ ರೈಲು ಬಿಡುವ ಮೊದಲು ಎರಡು ಸಲ ಯೋಚಿಸಬೇಕು. ಆ ಮಂಜು ತೆಳುವಾಗುವುದನ್ನಷ್ಟೇ ತೋರಿಸಿದರೆ ಸಾಲದೇ?

ನಿಮ್ಮ ಅಪ್ಪ ಅಮ್ಮ ಕೇಳುವ ಪ್ರಶ್ನೆ ನನಗೆ ಗೊತ್ತು: ಇದರಿಂದ ಹೊಟ್ಟೆ ತುಂಬುತ್ತದಾ? ಸುಳ್ಳು ಹೇಳುವುದಿಲ್ಲ. ಈ ಊರಲ್ಲಿ ಅನಿಮೇಷನ್ ಕೆಲಸ ಎಂದರೆ ಬಹುಪಾಲು ಹೊರದೇಶದ ಸಿನಿಮಾಗಳ ರೋಟೋ, ಪೇಂಟ್, ಕ್ಲೀನಪ್. ಕರ್ನಾಟಕ ಸರ್ಕಾರ 2012ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಈ ಉದ್ಯಮಕ್ಕೆಂದು ನೀತಿ ತಂದಿತು. ಕೆ.ಆರ್. ಪುರಕ್ಕೆ ಹತ್ತಿರದ ಮಹದೇವಪುರದಲ್ಲಿ ಅದಕ್ಕೊಂದು ಕೇಂದ್ರವೂ ಇದೆ. ಆದರೂ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಕಂಪನಿ ಪ್ಯಾರಿಸ್ಸಿನಲ್ಲಿ ಮುಗ್ಗರಿಸಿದಾಗ ಅದಕ್ಕೆ ದುಡಿಯುತ್ತಿದ್ದ ಬೆಂಗಳೂರಿನ ಮಕ್ಕಳು ಸಾವಿರಗಟ್ಟಲೆ ಬೀದಿಗೆ ಬಿದ್ದರು. ಅವರಾರೂ ಕೆಲಸ ಬಾರದವರಲ್ಲ. ಬೇರೆಯವರ ಕಥೆಗೆ ದುಡಿಯುವಾಗ ಬೇರೆಯವರ ಬಾಗಿಲು ಮುಚ್ಚಿದರೆ ನಮ್ಮದೂ ಮುಚ್ಚುತ್ತದೆ. ಹಾಗಂತ ಕೆಲಸ ಬಿಟ್ಟು ವೀರಗಲ್ಲಿನ ಮುಂದೆ ಕೂತುಕೊಳ್ಳಿ ಎಂದು ಹೇಳಿದರೆ ನಿಮ್ಮ ತಾಯಿ ನನ್ನನ್ನು ಬಿಡುವುದಿಲ್ಲ. ಸಂಬಳದ ಕೆಲಸ ಮಾಡಿ, ಅದರಲ್ಲಿ ಶಿಸ್ತು ಕಲಿಯಿರಿ. ವಾರಕ್ಕೊಂದು ಬೆಳಗ್ಗೆಯನ್ನು ಮಾತ್ರ ನಿಮ್ಮದೆಂದು ಉಳಿಸಿಕೊಳ್ಳಿ.

ಸಿನಿಮಾ ಚಿಕ್ಕದಿರಲಿ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದರೆ ಸೆಕೆಂಡಿಗೆ ಹನ್ನೆರಡು ಚಿತ್ರ. ಇಪ್ಪತ್ತು ಸೆಕೆಂಡಿಗೆ 240. ಒಬ್ಬರೇ ಕೂತು ಬರೆಯಬಹುದಾದ ಲೆಕ್ಕ. ವ್ಯಾನ್ ಗೋ ಬಗ್ಗೆ ಬಂದ 'ಲವಿಂಗ್ ವಿನ್ಸೆಂಟ್' ಸಿನಿಮಾಕ್ಕೆ ನೂರಕ್ಕೂ ಹೆಚ್ಚು ಕಲಾವಿದರು ಸೇರಿ ಸುಮಾರು 65,000 ಫ್ರೇಮುಗಳನ್ನು ಎಣ್ಣೆಬಣ್ಣದಲ್ಲಿ ಬರೆದರು. ನೋಡಿ, ಸಂತೋಷಪಡಿ, ಪೈಪೋಟಿಗೆ ಹೋಗಬೇಡಿ.

ಶಬ್ದಕ್ಕೆ, ಮೊದಲೇ ಹೇಳಿದ ಆ ಎಲ್ಲಿಂದಲೋ ಎತ್ತಿದ ಕೊಳಲು ಬೇಡ. ದಂಡಿನ ಕಡೆ ಹುಟ್ಟಿದವರು ನಾವು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ದಖನಿ, ತೆಲುಗು, ಇಂಗ್ಲಿಷು ಕಿವಿಗೆ ಬೀಳುತ್ತದೆ. ಚೈತ್ರದ ಹುಣ್ಣಿಮೆಗೆ ಹಲಸೂರಿನಲ್ಲಿ ಹೂವಿನ ಪಲ್ಲಕ್ಕಿಗಳು ಸಾಲಾಗಿ ಬರುವಾಗ ನಾದಸ್ವರ, ತಮಟೆ, ಬಲೂನು ಮಾರುವವನ ಪೀಪಿ ಎಲ್ಲ ಒಟ್ಟಿಗೇ ಇರುತ್ತದೆ. ಅದನ್ನು ರೆಕಾರ್ಡು ಮಾಡಿಕೊಳ್ಳಿ. ಮಾತು ಬೇಕಾದರೆ ನೀವು ಮನೆಯಲ್ಲಿ ಆಡುವ ಕನ್ನಡದಲ್ಲೇ ಇರಲಿ. ನ್ಯೂಸ್ ಓದುವ ಕನ್ನಡದಲ್ಲಿ ನಾಯಿಯ ಕಥೆ ಹೇಳಿದರೆ ನಾಯಿಗೂ ಬೇಸರ.

ಮುಗಿದ ಮೇಲೆ ಚಿತ್ರೋತ್ಸವಗಳಿಗೆ ಕಳಿಸುತ್ತೀರಿ, ಕಳಿಸಿ. ಅದಕ್ಕೂ ಮೊದಲು ನಿಮ್ಮ ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಬಿಳಿ ಪಂಚೆಯೊಂದನ್ನು ಕಟ್ಟಿ, ಮ್ಯೂಸಿಯಂ ಮೆಟ್ಟಿಲು ಹತ್ತದ ಮಕ್ಕಳಿಗೆ ತೋರಿಸಿ. ಅವರು ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಎಂದು ಬರೆದುಕೊಳ್ಳಿ. ತೀರ್ಪುಗಾರರು ಅಷ್ಟು ನಿಜ ಹೇಳುವುದಿಲ್ಲ. ಮತ್ತೆ ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ಕಲ್ಲು ಯಾವ ಊರಿನದು, ಯಾವ ತಾಲ್ಲೂಕು, ಯಾವ ವರ್ಷದ್ದು, ಈಗ ಯಾವ ಮ್ಯೂಸಿಯಂನಲ್ಲಿದೆ, ಗೊಂಬೆಯಾದರೆ ಯಾವ ಮನೆತನದವರು ನಿಮಗೆ ಕಲಿಸಿದರು ಎಂಬುದನ್ನು ಕನ್ನಡದಲ್ಲಿ, ಓದಲು ಆಗುವಷ್ಟು ಹೊತ್ತು, ದಯವಿಟ್ಟು ಹಾಕಿ. ನಿಮ್ಮ ಹೆಸರು ಅದರ ಕೆಳಗೆ ಬರಲಿ.